ಲ್ಯೂನೆಬುರ್ಗ್: ಉಪ್ಪು ಕಾಯಿಸಿದವರ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಜರ್ಮನಿಯ ಹಳೆಯ ವ್ಯಾಪಾರದ ಊರುಗಳ ಬಗ್ಗೆ ಬಂದ ಲೇಖನ ಓದಿದೆ. ಲ್ಯೂನೆಬುರ್ಗ್‌ಗೆ ಅರ್ಧ ಪುಟ ಕೊಟ್ಟಿದ್ದು ನೋಡಿ ಖುಷಿಯಾಯಿತು. ಕೆಂಪು ಇಟ್ಟಿಗೆಯ ಮನೆಗಳು, ಮೆಟ್ಟಿಲಿನಂತೆ ಏರುವ ಮುಂಗೋಡೆಗಳು, ನದಿ ದಡದ ಹೋಟೆಲುಗಳು, ಎಲ್ಲ ಚೆನ್ನಾಗಿ ಬಂದಿವೆ. ಆದರೆ ಉಪ್ಪಿಗೆ ಸಿಕ್ಕಿದ್ದು ಒಂದೇ ಒಂದು ಸಾಲು. ಅದಕ್ಕೇ ಈ ಪತ್ರ. ಉಪ್ಪನ್ನು ಬಿಟ್ಟು ಆ ಊರಿನ ಬಗ್ಗೆ ಏನು ಹೇಳಿದರೂ ಅದು ಅರ್ಧಂಬರ್ಧವೇ.

ನಾನು ಗೋಕರ್ಣದ ಹತ್ತಿರದ ಸಾಣಿಕಟ್ಟಾದವಳು. ಅಪ್ಪ ಅಲ್ಲಿನ ಉಪ್ಪಿನ ಆಗರದಲ್ಲಿ ದುಡಿದವರು. ಮಗಳು ಹ್ಯಾಂಬರ್ಗ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗಲೆಲ್ಲ ರೈಲು ಹತ್ತಿ ಲ್ಯೂನೆಬುರ್ಗ್‌ಗೆ ಹೋಗಿ ಬರುತ್ತೇನೆ. ಹ್ಯಾಂಬರ್ಗ್‌ನಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್, ಅಷ್ಟೇ.

ಅಲ್ಲಿಯವರು ಹೇಳುವ ಕಥೆ ಹೀಗಿದೆ. ಬೇಟೆಗಾರನೊಬ್ಬ ಕೊಳಚೆ ಹೊಂಡದಲ್ಲಿ ಹೊರಳಾಡಿದ ಕಾಡುಹಂದಿಯೊಂದನ್ನು ಹೊಡೆದ. ಅದರ ಕೂದಲು ಒಣಗಿದ ಮೇಲೆ ಬೆಳ್ಳಗೆ ಹೊಳೆಯಿತು. ಮುಟ್ಟಿ ನೋಡಿದರೆ ಉಪ್ಪು. ಆ ಹಂದಿಯದ್ದು ಅಂತ ನಂಬಿರುವ ಒಂದು ಮೂಳೆಯನ್ನು ಪುರಭವನದಲ್ಲಿ ಗಾಜಿನೊಳಗೆ ಇಟ್ಟು ಇವತ್ತಿಗೂ ಕಾಪಾಡಿದ್ದಾರೆ. ಕಥೆ ಏನೇ ಇರಲಿ, ಕಾಗದದಲ್ಲಿ ಸಿಗುವ ಲೆಕ್ಕ 956ರದ್ದು. ಆ ವರ್ಷ ಒಂದನೇ ಒಟ್ಟೋ ದೊರೆ ಲ್ಯೂನೆಬುರ್ಗ್‌ನ ಉಪ್ಪಿನ ಸುಂಕವನ್ನು ಸಂತ ಮೈಕೆಲ್ ಮಠಕ್ಕೆ ಬರೆದುಕೊಟ್ಟ. ಉಪ್ಪಿನ ಮೇಲಿನ ಸುಂಕ ಅಂದಕೂಡಲೇ ನಮ್ಮ ಕಡೆಯವರಿಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನೆನಪಾಗುತ್ತದೆ. ಎಲ್ಲ ಕಾಲದಲ್ಲೂ ಆಳುವವರ ಕಣ್ಣು ಉಪ್ಪಿನ ಮೇಲೆ ಇದ್ದೇ ಇತ್ತು.

ಊರು ನಿಂತಿದ್ದು ಮೂರರ ಮೇಲೆ: ಒಂದು ಗುಡ್ಡ, ಒಂದು ಸೇತುವೆ, ಒಂದು ಬುಗ್ಗೆ. ಗುಡ್ಡದ ಮೇಲೆ ಕೋಟೆ ಮತ್ತು ಮಠ, ಇಲ್ಮೆನಾವ್ ನದಿಗೆ ಸೇತುವೆ, ನಡುವೆ ಉಪ್ಪುನೀರಿನ ಬುಗ್ಗೆ. ಮೊದಲು ಹತ್ತಿರದ ಬಾರ್ಡೋವಿಕ್ ಎಂಬ ಊರೇ ದೊಡ್ಡ ಪೇಟೆಯಾಗಿತ್ತು. 1189ರಲ್ಲಿ, ಹಿಂದೆ ಸ್ಯಾಕ್ಸನಿಯ ಡ್ಯೂಕ್ ಆಗಿದ್ದ ಹೆನ್ರಿ ದಿ ಲಯನ್ ಅದನ್ನು ಹಾಳುಗೆಡವಿದ. ಅಲ್ಲಿಂದ ವ್ಯಾಪಾರವೆಲ್ಲ ಈ ಕಡೆ ತಿರುಗಿತು. 1371ರಲ್ಲಿ ಊರಿನವರು ತಮ್ಮ ಮೇಲೆ ಸವಾರಿ ಮಾಡುತ್ತಿದ್ದ ಡ್ಯೂಕನ ಕೋಟೆಯನ್ನೇ ಕೆಡವಿ ಹಾಕಿದರು. ಅಷ್ಟು ಧೈರ್ಯ ಬಂದಿದ್ದು ಉಪ್ಪಿನ ದುಡ್ಡಿನಿಂದ.

ಈಗ ಉಪ್ಪು ಮಾಡುವ ಕೆಲಸಕ್ಕೆ ಬರುತ್ತೇನೆ, ನಿಮ್ಮ ಲೇಖನದಲ್ಲಿ ಬಿಟ್ಟುಹೋಗಿದ್ದು ಅದೇ. ನಮ್ಮ ಆಗರದಲ್ಲಿ ಸಮುದ್ರದ ನೀರು ಕಟ್ಟಿ ನಿಲ್ಲಿಸಿದರೆ ಸಾಕು, ಬಿಸಿಲು ತನ್ನ ಕೆಲಸ ತಾನು ಮಾಡುತ್ತದೆ. ಮಳೆ ಬಂತು ಅಂದರೆ ಆ ವರ್ಷದ ಕೆಲಸ ಮುಗಿಯಿತು. ಲ್ಯೂನೆಬುರ್ಗ್‌ನಲ್ಲಿ ಅಷ್ಟು ಬಿಸಿಲು ಎಲ್ಲಿ? ಆದರೆ ನೀರು ಮಾತ್ರ ಅಪರೂಪದ್ದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಆ ಬುಗ್ಗೆಯ ಒಂದು ಲೀಟರಿನಲ್ಲಿ ಸುಮಾರು 300 ಗ್ರಾಂ. ಇನ್ನು ಹೆಚ್ಚು ಉಪ್ಪು ನೀರಿನಲ್ಲಿ ಕರಗುವುದೂ ಕಷ್ಟ. ಅದನ್ನು ಬೆಂಕಿಯ ಮೇಲೆ ಕಾಯಿಸಿ ನೀರು ಇಂಗಿಸುತ್ತಿದ್ದರು. ಕಾಯಿಸುವ ಮನೆಗಳು 54, ಒಂದೊಂದರಲ್ಲಿ ನಾಲ್ಕು ಬಾಣಲೆ, ಒಟ್ಟು 216. ಹಗಲು ರಾತ್ರಿ ಒಲೆ ಉರಿಯುತ್ತಲೇ ಇತ್ತು.

ಹಳೇ ಉಪ್ಪಿನ ಕಾರ್ಖಾನೆ ಇದ್ದ ಜಾಗದಲ್ಲೇ ಈಗ ಜರ್ಮನ್ ಉಪ್ಪಿನ ಮ್ಯೂಸಿಯಂ ಇದೆ. ಪಕ್ಕದಲ್ಲೇ ಸೂಪರ್‌ಮಾರ್ಕೆಟ್ ಇರುವುದರಿಂದ ಎಷ್ಟೋ ಜನ ಗಮನಿಸದೆ ಮುಂದೆ ಹೋಗುತ್ತಾರೆ. ಒಳಗೆ ಹೋಗಿ ಬಾಣಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಬ್ಬಿಣದ್ದಲ್ಲ, ತಾಮ್ರದ್ದಲ್ಲ, ಸೀಸದ್ದು. ಆಳವಿಲ್ಲ, ಚೌಕಾಕಾರ, ಅಂಚು ಮೇಲಕ್ಕೆ ಮಡಿಸಿದ್ದು. ಸೀಸ ಮೆತ್ತಗಿನ ಲೋಹ. ಬೆಂಕಿಯ ಮೇಲೆ ಬಹಳ ದಿನ ಬಾಳುವುದಿಲ್ಲ. ಹಾಳಾದ ಬಾಣಲೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬೇಕು. ಆ ಕೆಲಸವೂ ಅಲ್ಲೇ ನಡೆಯುತ್ತಿತ್ತು. ಕಾಯಿಸುವ ಮನೆಗಳು ನೆಲಮಟ್ಟಕ್ಕಿಂತ ತಗ್ಗಿನಲ್ಲಿದ್ದವು, ಬುಗ್ಗೆಯ ನೀರು ತಾನೇ ಹರಿದು ಬರಲಿ ಅಂತ. ತಗ್ಗಿನ ಕೋಣೆ, ಹೊಗೆ, ಉಪ್ಪಿನ ಹಬೆ, ಕಾದ ಸೀಸ. ಅಪ್ಪನ ಅಂಗಾಲು ಉಪ್ಪಿನಿಂದ ಬಿರಿದು ರಕ್ತ ಬರುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಆದರೂ ಅವರ ತಲೆಯ ಮೇಲೆ ಬಯಲು ಗಾಳಿ ಇತ್ತು. ಲ್ಯೂನೆಬುರ್ಗ್‌ನ ಕೆಲಸಗಾರರಿಗೆ ಅದೂ ಇರಲಿಲ್ಲ. ಆ ಬಾಣಲೆ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದುಡ್ಡು ಯಾರಿಗೆ ಹೋಯಿತು? ಬಹಳಷ್ಟು ಬಾಣಲೆಗಳ ಒಡೆತನ ದೂರದೂರದ ಮಠಗಳದ್ದು, ಇಗರ್ಜಿಗಳದ್ದು. ಊರಿನ ಶ್ರೀಮಂತ ಮನೆತನಗಳು ಅವುಗಳನ್ನು ಗುತ್ತಿಗೆಗೆ ಹಿಡಿದು ಉಪ್ಪು ತೆಗೆಸುತ್ತಿದ್ದವು. ಊರಾಡಳಿತವೂ ಅವರ ಕೈಯಲ್ಲೇ. 15ನೇ ಶತಮಾನದಲ್ಲಿ ಊರು ಸಾಲದಲ್ಲಿ ಮುಳುಗಿತು. ಉಪ್ಪಿನ ಆದಾಯದಲ್ಲಿ ಹೆಚ್ಚು ಪಾಲು ಕೊಡಿ ಅಂತ ಮಠಗಳನ್ನು ಕೇಳಿದರು. ಜಗಳ ಪೋಪ್‌ವರೆಗೆ ಹೋಗಿ 1462ರ ತನಕ ಎಳೆಯಿತು. ನಗರಾಧ್ಯಕ್ಷ ಯೊಹಾನ್ ಸ್ಪ್ರಿಂಗಿಂಟ್‌ಗುಟ್ 1455ರಲ್ಲಿ ಬುರುಜಿನ ಸೆರೆಯಲ್ಲೇ ಸತ್ತ. ನೀವು ಫೋಟೋ ಹಾಕಿದ ಆಮ್ ಸಾಂಡೆ ಚೌಕದ ಮನೆಗಳು, ಹಗ್ಗ ಹೊಸೆದ ಹಾಗೆ ತಿರುಚಿದ ಆ ಇಟ್ಟಿಗೆ ಕೆಲಸ, ಎಲ್ಲದರ ಹಿಂದೆ ಈ ಲೆಕ್ಕಾಚಾರ ಇದೆ.

ಉಪ್ಪನ್ನು ಕೊಂಡವರು ಯಾರು ಅನ್ನುವುದೂ ಮುಖ್ಯ. ಬಾಲ್ಟಿಕ್ ಸಮುದ್ರದ ಬಾಯಲ್ಲಿ, ಈಗಿನ ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ಕರಾವಳಿಯಲ್ಲಿ ಹೆರ್ರಿಂಗ್ ಮೀನು ರಾಶಿ ರಾಶಿ ಸಿಗುತ್ತಿತ್ತು. ಉಪವಾಸದ ದಿನಗಳಲ್ಲಿ ಮಾಂಸ ಬಿಡುವ ಕ್ರೈಸ್ತರಿಗೆಲ್ಲ ಮೀನು ಬೇಕು. ಮೀನು ಉಳಿಯಬೇಕಾದರೆ ಉಪ್ಪು ಬೇಕು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಲ್ಯೂನೆಬುರ್ಗ್‌ನ ಉಪ್ಪು ಮೊದಲು ಗಾಡಿಗಳಲ್ಲಿ ಲ್ಯೂಬೆಕ್ ಬಂದರಿಗೆ ಹೋಗುತ್ತಿತ್ತು. 1398ರಲ್ಲಿ ಸ್ಟೆಕ್‌ನಿಟ್ಸ್ ಕಾಲುವೆ ತಯಾರಾಯಿತು. ಆಮೇಲೆ ದೋಣಿ ಇಲ್ಮೆನಾವ್ ನದಿಯಿಂದ ಎಲ್ಬ್ ನದಿಗೆ, ಅಲ್ಲಿ ಲಾವೆನ್‌ಬುರ್ಗ್‌ನಿಂದ ಕಾಲುವೆ ಹಿಡಿದು ಲ್ಯೂಬೆಕ್‌ಗೆ. ನಡುವೆ ಏರು ಇದೆ. ಬಾಗಿಲು ಹಾಕಿ ನೀರು ತಡೆದು ನಿಲ್ಲಿಸಿ ದೋಣಿಗಳನ್ನು ಏರು ದಾಟಿಸುತ್ತಿದ್ದರು. ಹೀಗೆ ನೀರಿನ ಮೇಲೆ ಏರು ಹತ್ತಿಸಿ ಇಳಿಸಿದ ಕಾಲುವೆಗಳಲ್ಲಿ ಇದು ಯುರೋಪಿನ ಅತಿ ಹಳೆಯವುಗಳಲ್ಲೊಂದು. ಹೋದ ದೋಣಿ ಬರುವಾಗ ಮೀನಿನ ಪೀಪಾಯಿ ಹೊತ್ತು ಬರುತ್ತಿತ್ತು.

ನದಿ ದಡದಲ್ಲಿ ನೀವು ಹೆಸರಿಸಿದ ಹಳೇ ಕ್ರೇನ್ ಇದೆ. ಅದೇ ಜಾಗದಲ್ಲಿ 14ನೇ ಶತಮಾನದಲ್ಲೇ ಕ್ರೇನ್ ಇತ್ತು. ಈಗ ಕಾಣುವುದು 1797ರದ್ದು. ಮರದ ದೊಡ್ಡ ಚಕ್ರಗಳ ಒಳಗೆ ಮನುಷ್ಯರು ನಡೆದು ನಡೆದು ಹಗ್ಗ ಸುತ್ತುತ್ತಿದ್ದರು. 1840ರಲ್ಲಿ 9 ಟನ್‌ಗೂ ಜಾಸ್ತಿ ತೂಕದ ರೈಲು ಎಂಜಿನ್ನನ್ನು ಆ ಕ್ರೇನಿನಿಂದ ಎತ್ತಿದರು. ಅದೂ ಮನುಷ್ಯರ ಕಾಲಿನ ಬಲದಿಂದ.

ಇಷ್ಟೆಲ್ಲ ಇದ್ದ ಊರು ಯಾಕೆ ಕುಸಿಯಿತು? ನಿಮ್ಮ ಲೇಖನದಲ್ಲಿ "ಕಾಲ ಬದಲಾಯಿತು" ಅಂತ ಮುಗಿಸಿದ್ದೀರಿ. ಕಾರಣ ಅದಕ್ಕಿಂತ ಸ್ಪಷ್ಟವಾಗಿದೆ. 16ನೇ ಶತಮಾನದಲ್ಲಿ ಸ್ಕೋನೆ ಕರಾವಳಿಯಲ್ಲಿ ಹೆರ್ರಿಂಗ್ ಕಡಿಮೆಯಾಯಿತು. ಹಾನ್ಸಾ ವರ್ತಕರ ಕೂಟದ ಬಲ ತಗ್ಗಿತು. ಜೊತೆಗೆ ಫ್ರಾನ್ಸಿನ ಪಶ್ಚಿಮ ಕರಾವಳಿಯಿಂದ, ಬೂರ್ನೆಫ್ ಕೊಲ್ಲಿಯಿಂದ, ಅಗ್ಗದ ಉಪ್ಪು ಹಡಗುಗಳಲ್ಲಿ ಬಂತು. ಅದು ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿ ತೆಗೆದ ಉಪ್ಪು. ಬಣ್ಣ ಅಷ್ಟು ಬಿಳಿಯಲ್ಲ, ಮಣ್ಣು ಸೇರಿರುತ್ತಿತ್ತು, ಆದರೆ ಸೌದೆಯ ಖರ್ಚಿಲ್ಲ. ಅಂದರೆ ನಮ್ಮ ಆಗರದ ಉಪ್ಪಿನಂಥದ್ದೇ ಅವರ 216 ಬಾಣಲೆಗಳನ್ನು ಸೋಲಿಸಿತು. ಇದು ತಿಳಿದ ದಿನ ನನಗೆ ಅಪ್ಪನ ಕೆಲಸದ ಬಗ್ಗೆ ಹೆಮ್ಮೆಯೂ ಆಯಿತು, ಆ ಊರಿನ ಬಗ್ಗೆ ಮರುಕವೂ ಆಯಿತು.

ಬಡತನ ಬಂದ ಮೇಲೆ ಹಳೇ ಮನೆ ಕೆಡವಿ ಹೊಸದು ಕಟ್ಟಲು ದುಡ್ಡಿರಲಿಲ್ಲ. ಅದಕ್ಕೇ ಮನೆಗಳು ಉಳಿದವು. ಪುರಭವನದ ಬೆಳ್ಳಿ ಪಾತ್ರೆಗಳನ್ನು ಮಾತ್ರ 1874ರಲ್ಲಿ ಬರ್ಲಿನ್‌ಗೆ ಮಾರಬೇಕಾಯಿತು. ಆ ಪುರಭವನದ ಹಳೇ ನ್ಯಾಯಸಭೆಯ ಕೋಣೆ ನೋಡಲೇಬೇಕು. ಆಸನಗಳ ಕೆಳಗೆ ನೆಲದಲ್ಲಿ ಮುಚ್ಚಳ ಹಾಕಿದ ತೂತುಗಳಿವೆ. ಮುಚ್ಚಳ ತೆಗೆದರೆ ಕೆಳಗಿನ ಒಲೆಯ ಬಿಸಿಗಾಳಿ ಕಾಲಿಗೆ ತಾಗುತ್ತಿತ್ತು. ಸಂತ ಮೈಕೆಲ್ ಇಗರ್ಜಿಗೂ ಹೋಗಿ. 956ರಲ್ಲಿ ಉಪ್ಪಿನ ಸುಂಕ ಪಡೆದ ಅದೇ ಮಠದ ಇಗರ್ಜಿ. ಮುಂದೆ ದೊಡ್ಡ ಸಂಗೀತಗಾರನಾಗಿ ಹೆಸರಾದ ಯೊಹಾನ್ ಸೆಬಾಸ್ಟಿಯನ್ ಬಾಖ್ 1700ರಲ್ಲಿ, 15 ವರ್ಷದ ಹುಡುಗನಾಗಿದ್ದಾಗ, ಇಲ್ಲಿನ ಗಾಯಕರ ತಂಡಕ್ಕೆ ಸೇರಲು ಬಂದ. ಒಳಗಿನ ಕಂಬಗಳನ್ನು ಗಮನಿಸಿ, ನೆಟ್ಟಗಿಲ್ಲ.

ಕಂಬ ಓರೆಯಾಗಲು ಕಾರಣವೂ ಉಪ್ಪೇ. ಊರಿನ ಕೆಳಗೆ ಉಪ್ಪಿನ ದೊಡ್ಡ ದಿಬ್ಬವೇ ಇದೆ. ನೂರಾರು ವರ್ಷ ಅದನ್ನು ಕರಗಿಸಿ ಮೇಲೆತ್ತಿದ್ದರಿಂದ ಪಶ್ಚಿಮ ಭಾಗದ ನೆಲ ಕುಸಿಯುತ್ತಾ ಬಂತು. ಉಪ್ಪಿನ ಕೆಲಸಗಾರರ ಕೇರಿಯಲ್ಲಿದ್ದ ಸಂತ ಲಾಂಬರ್ಟ್ ಇಗರ್ಜಿಯನ್ನು 1860ರ ಹೊತ್ತಿಗೆ ಕೆಡವಬೇಕಾಯಿತು. ಫ್ರೊಮ್ಮೆ ಬೀದಿಯಲ್ಲಿ ಒಂದು ಕಬ್ಬಿಣದ ಗೇಟ್ ಇದೆ. ಎರಡು ಬಾಗಿಲುಗಳ ಕಂಬಗಳು ಹತ್ತಿರ ಹತ್ತಿರ ಸರಿದು, ಒಂದು ಬಾಗಿಲು ಇನ್ನೊಂದರ ಮೇಲೆ ಹತ್ತಿ ಕೂತಿದೆ. ಗೇಟ್ ಮಾಡಿದ ಕಮ್ಮಾರ ಅಳತೆ ತಪ್ಪಿದ್ದಲ್ಲ, ಕಾಲಡಿಯ ನೆಲವೇ ಸರಿದಿದ್ದು. ಪ್ರವಾಸಿಗರು ಅದರ ಮುಂದೆ ನಗುತ್ತಾ ಫೋಟೋ ತೆಗೆಯುತ್ತಾರೆ. ಆ ಬೀದಿಯಲ್ಲಿ ಮನೆ ಬಿಡಬೇಕಾದವರಿದ್ದರು ಅನ್ನುವುದು ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುತ್ತದೆ. 1980ರಲ್ಲಿ ಉಪ್ಪಿನ ಕಾರ್ಖಾನೆ ಮುಚ್ಚಿತು. ಕುಸಿತ ಕಡಿಮೆಯಾಗಿದೆ, ಕೆಲವು ಕಡೆ ಈಗಲೂ ನಿಂತಿಲ್ಲ.

ಇನ್ನೊಂದು ವಿಷಯ. ಈ ಹಳೇ ಮನೆಗಳು ಸುಮ್ನೆ ಉಳಿದು ಬಂದಿಲ್ಲ. 1970ರ ದಶಕದಲ್ಲಿ ಪಶ್ಚಿಮದ ಹಳೇ ಕೇರಿಯ ಬಹಳಷ್ಟು ಮನೆಗಳು ಕೆಡವುವ ಪಟ್ಟಿಯಲ್ಲಿದ್ದವು. ಕರ್ಟ್ ಪಾಂಪ್ ಮತ್ತು ಅವರ ಜೊತೆಗಾರರು ಒಂದು ಬಳಗ ಕಟ್ಟಿ, ಮನೆ ಮನೆ ಹಿಡಿದು ದುರಸ್ತಿ ಮಾಡಿಸಿದರು. ನೀವು ಮೆಚ್ಚಿದ ಆ ಗಲ್ಲಿಗಳಲ್ಲಿ ಜನ ಇವತ್ತಿಗೂ ಸಂಸಾರ ಮಾಡುತ್ತಿದ್ದಾರೆ. ಕಿಟಕಿಯಲ್ಲಿ ಹೂವಿನ ಕುಂಡ, ಬಾಗಿಲಲ್ಲಿ ಸೈಕಲ್ ಕಾಣುತ್ತವೆ.

ನನ್ನ ಕೋರಿಕೆ ಇಷ್ಟೇ. ಇಂಥ ಊರುಗಳ ಬಗ್ಗೆ ಬರೆಸುವಾಗ ಅಲ್ಲಿಯ ಜನ ಏನು ಮಾಡಿ ಬದುಕಿದರು ಅನ್ನುವುದನ್ನು ಮೊದಲು ಬರೆಸಿ, ಹೋಟೆಲಿನ ವಿವರ ಆಮೇಲೆ ಬರಲಿ. ನಿಮ್ಮ ಲೇಖನ ಓದಿ ಹೊರಡುವವರು ರೈಲು ನಿಲ್ದಾಣದಿಂದ ನೇರ ಆಮ್ ಸಾಂಡೆ ಚೌಕಕ್ಕೆ ಹೋಗಿ ಕಾಫಿ ಕುಡಿದು ವಾಪಸ್ ಬರುತ್ತಾರೆ. ಅವರಿಗೆ ಮೊದಲು ಮ್ಯೂಸಿಯಂ, ಆಮೇಲೆ ಫ್ರೊಮ್ಮೆ ಬೀದಿ, ಕೊನೆಗೆ ಚೌಕ ಅಂತ ದಾರಿ ತೋರಿಸಿ. ಸಾಧ್ಯವಾದರೆ ಲ್ಯೂನೆಬುರ್ಗ್‌ನಿಂದ ಲಾವೆನ್‌ಬುರ್ಗ್ ಮೇಲೆ ಲ್ಯೂಬೆಕ್ ತನಕದ ಉಪ್ಪಿನ ದಾರಿಯ ಬಗ್ಗೆ ಇನ್ನೊಂದು ಲೇಖನ ಹಾಕಿ. ಕುಮಟಾ, ಅಂಕೋಲೆ ಕಡೆಯ ನಿಮ್ಮ ಓದುಗರು ಅದನ್ನು ಖಂಡಿತ ಓದುತ್ತಾರೆ.

ಇಂತಿ,
ಸಾಣಿಕಟ್ಟಾದ ಒಬ್ಬ ಓದುಗಳು
ಕುಮಟಾ ತಾಲ್ಲೂಕು, ಉತ್ತರ ಕನ್ನಡ