ಎಮರ್ಜೆನ್ಸಿ ಮೆಡಿಸಿನ್ ಸೀಟು: ಥ್ಯಾಂಕ್ಸ್ ಹೇಳಬೇಕಾದವರಿಗೆ

ಎಂಡಿ ಎಮರ್ಜೆನ್ಸಿ ಮೆಡಿಸಿನ್‌ಗೆ ಸೇರಿಯಾಯಿತು. ನೀಟ್ ಪಿಜಿ, ರ‍್ಯಾಂಕು, ಮನೆಯ ಪರಿಸ್ಥಿತಿ ಎಲ್ಲ ನಿಮಗೆ ಗೊತ್ತಿರುವುದೇ, ಅದು ಬೇಡ. ಅಪ್ಪ, ಅಮ್ಮ, ಹಾಸ್ಟೆಲಿನ ಗೆಳೆಯರು, ಬಾಗಿಲು ಹಾಕುವ ಹೊತ್ತಿಗೂ ಸ್ಕ್ಯಾನ್ ಮಾಡಿಕೊಟ್ಟ ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯವರು, ಎಲ್ಲರಿಗೂ ವಂದನೆ.

ಉಳಿದದ್ದು ಕ್ಯಾಶುವಾಲ್ಟಿಯ ಸೀನಿಯರ್ ಅಕ್ಕನಿಗೆ. ಕೌನ್ಸೆಲಿಂಗಿನಲ್ಲಿ ಚಾಯ್ಸ್ ಲಾಕ್ ಮಾಡುವ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಖಾತ್ರಿ ಮಾಡುವ ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ಬಂದವರು ಬೆಳಗಾಗುವ ತನಕ ಆ ಪಟ್ಟಿಯೆದುರು ಕೂತರು. ಮಂಗಳೂರು ಒಂದೇ ಊರಾದರೂ ಅರ್ಜಿ ಎರಡು ಕಡೆ. ಕೆಎಂಸಿ, ಯೆನೆಪೋಯ, ಕೆ.ಎಸ್. ಹೆಗ್ಡೆ ಡೀಮ್ಡ್ ವಿಶ್ವವಿದ್ಯಾಲಯದವು ಆದ್ದರಿಂದ ಕೇಂದ್ರದ ಕೌನ್ಸೆಲಿಂಗ್ ಸಮಿತಿ ಎಂಸಿಸಿಗೆ. ಫಾದರ್ ಮುಲ್ಲರ್, ಎ.ಜೆ. ಕಾಲೇಜಿಗೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎಗೆ. ಡೀಮ್ಡ್‌ಗೆ ನೋಂದಣಿಯಲ್ಲೇ 2 ಲಕ್ಷ ಠೇವಣಿ, ಮೇಲೆ ವಾಪಸ್ ಬಾರದ 5,000. ಠೇವಣಿ ಮರಳುವುದು ಕಟ್ಟಿದ ಖಾತೆಗೇ, ಹಾಗಾಗಿ ಸೈಬರ್‌ನವರ ಕಾರ್ಡಿನಲ್ಲಿ ಕಟ್ಟಬಾರದು.

ಕಾಲೇಜಿನ ಕಟ್ಟಡ, ಸ್ಟೈಪೆಂಡ್ ನೋಡಿ ಸಾಲು ಹಚ್ಚುವುದಕ್ಕೆ ಅಕ್ಕ ಬಿಡಲಿಲ್ಲ. ಅವರು ಕೇಳಿಸಿದ್ದು ಬೇರೆ. ರಾತ್ರಿ ಎರಡು ಗಂಟೆಗೆ ಉಸಿರಾಟದ ಟ್ಯೂಬ್ ಹಾಕುವವರು ಯಾರು, ಎಮರ್ಜೆನ್ಸಿ ಪಿಜಿಯೋ, ಅನಸ್ತೇಶಿಯಾದವರನ್ನು ಕರೆಯುತ್ತಾರೋ? ಅಲ್ಟ್ರಾಸೌಂಡ್ ಮಶಿನು ವಿಭಾಗದ್ದೇನಾ? ಆಕ್ಸಿಡೆಂಟ್ ಕೇಸನ್ನು ಮೊದಲು ಮುಟ್ಟುವುದು ಯಾರು? ಐಸಿಯು, ಮಕ್ಕಳ ವಿಭಾಗದಲ್ಲಿ ಪೋಸ್ಟಿಂಗ್ ಕಾಗದದಲ್ಲಿ ಮಾತ್ರವೋ? ಇದನ್ನು ವಿಭಾಗದ ಮುಖ್ಯಸ್ಥರ ಹತ್ತಿರ ಕೇಳಿ ಪ್ರಯೋಜನವಿಲ್ಲ, ಮೊದಲ ವರ್ಷದ ಪಿಜಿಗೇ ಫೋನ್ ಮಾಡಬೇಕು. ಕೆಲವೆಡೆ ಈ ವಿಭಾಗವೆಂದರೆ ಚೀಟಿ ಬರೆದು ಬೇರೆಯವರಿಗೆ ದಾಟಿಸುವ ಕೌಂಟರ್ ಅಷ್ಟೇ.

ನಡುವೆ ಒಮ್ಮೆ, ಇನ್ನು ಕ್ಯಾಶುವಾಲ್ಟಿಗೇ ಕಾಲಿಡುವುದಿಲ್ಲ ಎಂದು ಅತ್ತುಬಿಟ್ಟೆ. ಯಾಕೆಂದು ಅವರು ಕೇಳಲಿಲ್ಲ. ಅಲ್ಲಿ ಒಂದು ಮಗುವಿಗೆ ಎದೆ ಒತ್ತಿ ಸಿಪಿಆರ್ ಕೊಟ್ಟಾಗ ನಾವಿಬ್ಬರೂ ಇದ್ದೆವು. "ಅತ್ತು ಮುಗಿಸು ಮಾರಾಯ್ತಿ, ಆಮೇಲೂ ಬೇಡ ಅಂತಾದರೆ ರೇಡಿಯಾಲಜಿ ಮೇಲೆ ಹಾಕುವ" ಎಂದರು. ಹಾಕಲಿಲ್ಲ.

ಮತ್ತೆ ಪಟ್ಟಿಗೆ. ಹಳೆಯ ಕಟಾಫ್ ನೋಡಿ ಲೆಕ್ಕ ಹಾಕದೆ ಬೇಕಾದದ್ದನ್ನೇ ಮೇಲೆ ಬರೆಸಿದರು. ಮೇಲಿನದು ಸಿಗದಿದ್ದರೆ ಗಣಕ ತಾನಾಗಿ ಕೆಳಗಿನದಕ್ಕೆ ಇಳಿಯುತ್ತದೆ, ಕಳೆದುಕೊಳ್ಳುವುದೇನಿಲ್ಲ. ಎಚ್ಚರ ಬೇಕಾದದ್ದು ಸೀಟು ಸಿಕ್ಕ ಮೇಲೆ ಮುಂದಿನ ಸುತ್ತಿನಲ್ಲಿ ಅಪ್‌ಗ್ರೇಡ್ ಕೇಳಿದಾಗ: ಹೊಸದು ಸಿಕ್ಕ ಕ್ಷಣ ಕೈಯಲ್ಲಿದ್ದ ಸೀಟು ಹೋಯಿತು. ಇರುವುದಕ್ಕಿಂತ ನಿಜವಾಗಿ ಮೇಲೆನಿಸಿದ್ದನ್ನು ಮಾತ್ರ ಆಗ ಇಡಬೇಕು. ಕೊನೆಯ ಗಂಟೆಗೆ ಸೈಟು ನಿಧಾನ, ಮೊದಲೇ ಲಾಕ್ ಮಾಡಿ ಪ್ರಿಂಟ್ ತೆಗೆದಿಡುವುದು.

ದಾಖಲೆಗಳ ಫೈಲನ್ನೂ ಅವರೇ ಜೋಡಿಸಿದ್ದು. ನಮ್ಮ ಕಡೆಯವರಿಗೆ ತೊಡಕಾಗುವುದು ಇನಿಶಿಯಲ್: ಎಸ್ಸೆಸ್ಸೆಲ್ಸಿಯಲ್ಲಿ ಒಂದಕ್ಷರ, ಡಿಗ್ರಿಯಲ್ಲಿ ಅಪ್ಪನ ಪೂರ್ತಿ ಹೆಸರು. ಎರಡೂ ಒಬ್ಬರದ್ದೇ ಎಂದು ನೋಟರಿ ಅಫಿಡವಿಟ್ ಮೊದಲೇ ಮಾಡಿಸಿಟ್ಟರೆ ರಿಪೋರ್ಟಿಂಗ್ ದಿನ ಓಡಾಟವಿಲ್ಲ.

ಅಕ್ಕಾ, ಈ ಫೈಲು ಈಗ ಜೂನಿಯರ್‌ಗಳ ಕೈಯಲ್ಲಿದೆ. ಮುಂದಿನ ಸಲ ಕೌನ್ಸೆಲಿಂಗಿಗೆ ಕೂರುವವರು ನಿಮಗೆ ಕಿರಿಕಿರಿ ಮಾಡುವುದು ಬೇಡ, ನನಗೆ ಫೋನ್ ಮಾಡಲಿ. ನೈಟ್ ಡ್ಯೂಟಿ ಇದ್ದ ದಿನ ಮಾತ್ರ ಸಂಜೆ ನಾಲ್ಕರ ಮೇಲೆ.