ಕೊರಿಯನ್ ಕಲಿಸಲು ಹೊರಟ ಗೆಳೆಯನಿಗೆ

ಗೆಳೆಯಾ,

ಎಂಟನೇ ತರಗತಿಯ ಮಕ್ಕಳಿಗೆ ಕೊರಿಯನ್ ಹೇಳಿಕೊಡಲು ಒಪ್ಪಿಕೊಂಡಿದ್ದೀಯಂತೆ, ಖುಷಿಯಾಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಕ್ಯ ಕಟ್ಟಿಸುವಾಗ ಕನ್ನಡವನ್ನು ಧಾರಾಳವಾಗಿ ಬಳಸು. ಓದು-ಬರಹ ಕಲಿಸುವಾಗ ಮಾತ್ರ ಕನ್ನಡ ಲಿಪಿಯನ್ನು ಬೋರ್ಡಿನ ಹತ್ತಿರ ಬಿಡಬೇಡ. ಎಷ್ಟೋ ಕಡೆ ಇದು ತಿರುವುಮುರುವಾಗುತ್ತದೆ. ಮಕ್ಕಳು ಧನ್ಯವಾದ ಹೇಳುವ ‘ಕಮ್ಸಾಹಮ್ನಿದಾ’ವನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಆಮೇಲೆ ಅದೇ ಪದ ಕೊರಿಯನ್ನಿನ ಹಂಗುಲ್ ಲಿಪಿಯಲ್ಲಿ ಎದುರಾದರೆ ಗುರುತೇ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಬರೆದಿರುವುದು ‘ಹಪ್-ನಿ-ದಾ’. ಮುಂದೆ ‘ನ’ ಬಂದದ್ದರಿಂದ ‘ಪ್’ ಮೂಗಿಗೆ ತಿರುಗಿ ‘ಮ್’ ಆಗಿದೆ. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುವ ಅನುನಾಸಿಕ ಸಂಧಿಯೇ ಇದು. ಹಾಗೆಂದು ಹೇಳು, ತಕ್ಷಣ ಹಿಡಿಯುತ್ತಾರೆ.

ಕೊರಿಯಾದ ಸೆಜೊಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿಯಲ್ಲಿ 28 ಅಕ್ಷರಗಳಿದ್ದವು. ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24: 14 ವ್ಯಂಜನ, 10 ಸ್ವರ. ಅವನ್ನು ಕೊರಿಯನ್ ಪಟ್ಟಿಯ ಕ್ರಮದಲ್ಲಿ ಕಲಿಸುವುದಕ್ಕಿಂತ ವರ್ಗವಾರು ಕಲಿಸುವುದು ಲೇಸು. ‘ನ’ ಎಂಬುದು ಮೇಲೆದ್ದ ನಾಲಗೆ ತುದಿಯ ಚಿತ್ರ. ಅದಕ್ಕೊಂದು ಗೆರೆ ಸೇರಿದರೆ ‘ದ’, ಇನ್ನೊಂದು ಸೇರಿದರೆ ‘ಥ’. ಬಾಯಿಯ ಆಕಾರದ ಚೌಕ ‘ಮ’. ಅದರಿಂದ ‘ಬ’, ‘ಫ’. ಕಂಠ್ಯ, ದಂತ್ಯ, ಓಷ್ಠ್ಯ ಗೊತ್ತಿರುವ ಮಕ್ಕಳಿಗೆ ಇದು ಹೊಸ ವಿದ್ಯೆಯೇ ಅಲ್ಲ.

ತೊಡಕು ಬರುವುದು ಅಕ್ಷರಗಳನ್ನು ಒಂದೇ ಚೌಕದಲ್ಲಿ ಜೋಡಿಸುವಾಗ. ಕೆಳಗೆ ಕುಳಿತ ವ್ಯಂಜನ ಕಂಡರೆ ನಮ್ಮ ಮಕ್ಕಳು ಒತ್ತಕ್ಷರ ಎಂದುಕೊಂಡು ‘ಹಾನ್’ ಅನ್ನು ‘ಹ್ನಾ’ ಎಂದು ಓದುತ್ತಾರೆ. ಕೆಳಗಿನದು ಕಟ್ಟಕಡೆಯಲ್ಲಿ ಬರುವ ಅರ್ಧಾಕ್ಷರ ಎಂಬುದನ್ನು ಮೊದಲ ವಾರದಲ್ಲೇ ಗಟ್ಟಿ ಮಾಡಿಸು. ವೃತ್ತದ ಆಕಾರದ ಅಕ್ಷರವನ್ನು ಸೊನ್ನೆಯಂತೆ ಓದುವುದೂ ಉಂಟು. ಅದು ಕೆಳಗಿದ್ದರೆ ‘ಙ್’, ಮೊದಲಲ್ಲಿದ್ದರೆ ಸದ್ದೇ ಇಲ್ಲ. ಇನ್ನು ಪದದ ಕೊನೆಗೆ ಉಕಾರ ಅಂಟಿಸುವುದು ನಮ್ಮ ಹುಟ್ಟುಗುಣ: ಅನ್ನಕ್ಕೆ ‘ಪಾಪ್’ ಅನ್ನುವ ಬದಲು ‘ಪಾಪು’ ಅನ್ನುತ್ತಾರೆ. ತುಟಿ ಮುಚ್ಚಿಸಿ, ಮನಸ್ಸಿನಲ್ಲಿ ಎರಡು ಎಣಿಸುವವರೆಗೆ ತೆರೆಯದಂತೆ ಅಭ್ಯಾಸ ಮಾಡಿಸು.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ವ್ಯಂಜನಗಳ ಮೂರು ಬಗೆ: ಮೆದು, ಬಿಗಿ, ಉಸಿರು. ಚಂದ್ರ, ಮಗಳು, ಮುಖವಾಡ ಎಂಬ ಅರ್ಥದ ಮೂರು ಕೊರಿಯನ್ ಪದಗಳ ನಡುವೆ ಇಷ್ಟೇ ವ್ಯತ್ಯಾಸ. ನಮ್ಮ ಶುದ್ಧ ‘ತ’ ಕೊರಿಯನ್ನರ ಕಿವಿಗೆ ಬಿಗಿಯಾಗಿ ಕೇಳುತ್ತದೆ. ಹಾಗಾಗಿ ಹುಡುಗ ಚಂದ್ರ ಅನ್ನಲು ಹೋಗಿ ಮಗಳು ಅಂದುಬಿಡುತ್ತಾನೆ. ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿಸು. ಬಿಗಿಗೆ ಅಲುಗಬಾರದು, ಮೆದುವಿಗೆ ತುಸು ಅಲುಗಬೇಕು, ಉಸಿರಿಗೆ ಚೆನ್ನಾಗಿ ಹಾರಬೇಕು. ಜೊತೆಗೆ ಸ್ವರದ ಏರಿಳಿತವನ್ನೂ ಹೇಳಿಕೊಡು: ಇಂದಿನ ಸೋಲ್ ನಗರದ ಯುವಜನರ ಮಾತಿನಲ್ಲಿ ಮೆದು ತಗ್ಗಿನಲ್ಲಿ ಶುರುವಾಗುತ್ತದೆ, ಉಸಿರಿನದು ಎತ್ತರದಲ್ಲಿ. ‘ಖಾರ’ವನ್ನು ‘ಕಾರ’ ಅನ್ನುವ ಮಕ್ಕಳಿಗೆ ಮಹಾಪ್ರಾಣದ ಪಾಠ ಇಲ್ಲೇ ಪುಕ್ಕಟೆ ಸಿಗುತ್ತದೆ. ಕೊರಿಯನ್ನಿನಲ್ಲಿ ತುಟಿ ಅಗಲಿಸಿ ಹೇಳುವ ಉಕಾರವೊಂದಿದೆ. ತರಗತಿಯಲ್ಲಿ ತುಳು ಮನೆಮಾತಿನ ಮಕ್ಕಳಿದ್ದರೆ ಅವರಿಂದಲೇ ಹೇಳಿಸು, ಪದದ ಕೊನೆಯಲ್ಲಿ ಅವರು ಆಡುವ ಅರೆ ಉಕಾರ ಅದಕ್ಕೆ ಬಹಳ ಹತ್ತಿರ.

ವಾಕ್ಯಕ್ಕೆ ಬಂದರೆ ನಿನ್ನ ಕೆಲಸ ಹಗುರ. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ಸಾಕು, ಕ್ರಿಯಾಪದ ಕೊನೆಗೇ ಬರುತ್ತದೆ. ಹೋದನು, ಹೋದಳು, ಹೋಯಿತು ಎಲ್ಲಕ್ಕೂ ಒಂದೇ ರೂಪ. ಎಚ್ಚರ ಬೇಕಾದದ್ದು ನಮ್ಮ ‘ಅಲ್ಲಿ’ ಪ್ರತ್ಯಯದಲ್ಲಿ. ಶಾಲೆಯಲ್ಲಿ ಇದ್ದೇನೆ ಅಂದರೆ ‘ಎ’, ಶಾಲೆಯಲ್ಲಿ ಓದುತ್ತೇನೆ ಅಂದರೆ ‘ಎಸೊ’. ಇರುವಿಕೆಗೆ ಒಂದು, ಕೆಲಸಕ್ಕೆ ಇನ್ನೊಂದು.

ಧಾರಾವಾಹಿ ನೋಡಿ ಕಲಿತವರು ಬಂದ ದಿನವೇ ನಿನಗೆ ನಮಸ್ಕಾರದ ಬದಲು ಸಲುಗೆಯ ‘ಅನ್ನ್ಯೊಂಗ್’ ಅನ್ನುತ್ತಾರೆ. ಅದು ಓರಗೆಯವರಿಗೆ, ಕಿರಿಯರಿಗೆ ಮಾತ್ರ. ‘ಯೊ’ಕಾರದ ವಿನಯರೂಪವನ್ನೇ ಮೊದಲು ಕಲಿಸು, ಸಲುಗೆಯ ಮಾತು ಆಮೇಲೆ. ನಮ್ಮ ‘ನೀವು’ ಅಲ್ಲಿ ನಡೆಯುವುದಿಲ್ಲ. ಮೇಷ್ಟರನ್ನು ‘ಸೊನ್‌ಸೆಂಗ್‌ನಿಮ್’ ಎಂದೇ ಕರೆಯಬೇಕು. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಎರಡೂ ಕೈಯಲ್ಲಿ.

ಸಂಸ್ಕೃತಿಯ ಪಾಠಕ್ಕೆ ಹಾನ್‌ಬೊಕ್ ಎಂಬ ಕೊರಿಯನ್ ಉಡುಪು ತೊಟ್ಟು ಫೋಟೊ ತೆಗೆಸುವುದರಲ್ಲೇ ಒಂದು ಪೀರಿಯಡ್ ಕಳೆಯಬೇಡ. ಕೋಲಿನ ದಾಳ ಎಸೆದು ಕಾಯಿ ನಡೆಸುವ ಅಲ್ಲಿನ ಆಟ ಯುನ್ನೊರಿ ಆಡಿಸು. ಬೆರಳು ದಪ್ಪದ, 15 ಸೆಂಟಿಮೀಟರಿನ ಎರಡು ದುಂಡು ಕೋಲುಗಳನ್ನು ಉದ್ದಕ್ಕೆ ಸೀಳಿಸಿದರೆ ನಾಲ್ಕು ದಾಳ ಸಿದ್ಧ. ಚಾಪೆ ಹಾಸು, ಬರಿ ನೆಲದಲ್ಲಿ ಪುಟಿಯುತ್ತವೆ. ಚಪ್ಪಟೆ ಮುಖ ಒಂದು ಮೇಲಾದರೆ ‘ತೊ’, ಎರಡಕ್ಕೆ ‘ಕೆ’, ಮೂರಕ್ಕೆ ‘ಕೊಲ್’, ನಾಲ್ಕಕ್ಕೆ ‘ಯುತ್’. ಎಲ್ಲವೂ ಮಗುಚಿಕೊಂಡರೆ ‘ಮೊ’, ಐದು ಹೆಜ್ಜೆ. ಯುತ್, ಮೊ ಬಿದ್ದರೆ ಇನ್ನೊಂದು ಆಟ, ಎದುರಾಳಿಯ ಕಾಯಿ ಕಡಿದರೂ ಇನ್ನೊಂದು ಆಟ. ಚೌಕಾಬಾರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮನೆಗಳು 29, ತಂಡಕ್ಕೆ ನಾಲ್ಕು ಕಾಯಿ; ಮೂಲೆಯಲ್ಲಿ ಸರಿಯಾಗಿ ನಿಂತರೆ ಒಳದಾರಿ ಸಿಗುತ್ತದೆ. ಕಾಯಿ ನಡೆಸುವಾಗ ಕೊರಿಯನ್ನಿನಲ್ಲೇ ಎಣಿಸಬೇಕು ಎಂಬ ನಿಯಮ ಇಡು.

ತಿಂಡಿಯ ದಿನ ಮಾಡುವುದಾದರೆ ಕಿಮ್ಚಿ ಎಂಬ ಹುದುಗಿಸಿದ ತರಕಾರಿಯ ಡಬ್ಬಿಯ ಮೇಲೆ ಬರೆದದ್ದನ್ನು ಓದು. ಸಾಮಾನ್ಯವಾಗಿ ಅದರಲ್ಲಿ ಮೀನಿನ ಸಾರವೋ ಉಪ್ಪುಸಿಗಡಿಯೋ ಇರುತ್ತದೆ. ಸಸ್ಯಾಹಾರಿ ಮಕ್ಕಳಿಗೆ ಅದಿಲ್ಲದ್ದನ್ನೇ ತರಿಸು.

ಅಂಕಿಗಳನ್ನು ಮಾತ್ರ ಒಂದೇ ವಾರದಲ್ಲಿ ಮುಗಿಸಲು ಹೋಗಬೇಡ. ಅಲ್ಲಿ ಎರಡು ಸಾಲು ಅಂಕಿಗಳಿವೆ: ದೇಶಿಯದು, ಚೀನಾ ಮೂಲದ್ದು. ಒಂದೇ ಗಡಿಯಾರದಲ್ಲಿ ಗಂಟೆಗೆ ದೇಶಿ, ನಿಮಿಷಕ್ಕೆ ಚೀನೀ. ಎರಡನ್ನೂ ಒಟ್ಟಿಗೆ ಸುರಿದರೆ ವರ್ಷವಿಡೀ ಕಲಸುಮೇಲೋಗರ. ದೇಶಿ ಅಂಕಿ ಯುನ್ನೊರಿಯಲ್ಲಿ ಪಳಗಲಿ, ಒಂದು ತಿಂಗಳು ಬಿಟ್ಟು ಇನ್ನೊಂದನ್ನು ತೆಗೆ. ನಿನ್ನ ಪಾಠಪಟ್ಟಿ ಸಿದ್ಧವಾದರೆ ಕಳಿಸು, ಅಂಕಿಗಳನ್ನು ಎಲ್ಲಿಟ್ಟಿದ್ದೀಯೋ ನೋಡುತ್ತೇನೆ.

ನಿನ್ನ ಗೆಳೆಯ