ಬುಧವಾರದ ಮೈಕ್ರೋಸ್ಕೋಪ್ ತರಗತಿ ಮತ್ತು ಕಾಡಿಗೆಯ ವಿಷಯ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ಬುಧವಾರ ಮೈಕ್ರೋಸ್ಕೋಪ್ ನೋಡುವ ಮೊದಲು ನಮ್ಮ ವಿಜ್ಞಾನ ಟೀಚರ್ ಒಬ್ಬ ಹುಡುಗಿಗೆ "ಕಾಡಿಗೆ ತೊಳೆದುಕೊಂಡು ಬಾಮ್ಮಾ" ಎಂದು ಹೇಳಿದ್ದು, ಅದಕ್ಕೆ ಮನೆಯವರು ಬೇಸರ ಮಾಡಿಕೊಂಡಿದ್ದು ನಿಮಗೆಲ್ಲ ಗೊತ್ತೇ ಇದೆ. ಈಗ ವಾಟ್ಸಾಪ್‌ನಲ್ಲಿ "ಶಾಲೆಯಲ್ಲಿ ಕಾಡಿಗೆ ಬ್ಯಾನ್ ಅಂತೆ" ಎನ್ನುವವರೆಗೂ ಮಾತು ಬೆಳೆದಿದೆ. ಹಾಗೇನೂ ಇಲ್ಲ. ಇದು ಬುಧವಾರದ ಒಂದು ಪೀರಿಯಡ್ಡಿನ ಮಾತು. ಅದೂ ಆರು ಮತ್ತು ಏಳನೇ ತರಗತಿಗೆ ಮಾತ್ರ.

ಈ ವರ್ಷ ನಮಗೆ ಬಂದಿರುವುದು ಎರಡು ಕಣ್ಣಿನಲ್ಲೂ ನೋಡುವ ಸ್ಟೀರಿಯೋ ಮೈಕ್ರೋಸ್ಕೋಪ್. 20 ಪಟ್ಟು, 40 ಪಟ್ಟು ಅಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ. ಆದರೆ ಸ್ಲೈಡ್ ಮಾಡುವ ಗೋಜಿಲ್ಲ, ವಸ್ತುವನ್ನು ಹಾಗೇ ಇಟ್ಟು ನೋಡಬಹುದು. ಅಕ್ಕಿಹುಳುವಿನ ಮೂತಿ ಸೊಂಡಿಲ ಹಾಗೆ ಮುಂದೆ ಚಾಚಿರುವುದನ್ನು ಕಂಡು ಮಕ್ಕಳು ಕೂಗಿದ ಕೂಗು ನನ್ನ ಕೋಣೆಗೂ ಕೇಳಿತು. ಮೊನ್ನೆ ಯಾರೋ ತೋಟದಲ್ಲಿ ಉದುರಿದ, ಕೊಳೆರೋಗ ಬಂದ ಅಡಕೆ ತಂದಿದ್ದರು. ತೊಟ್ಟಿನ ಹತ್ತಿರದ ಬಿಳಿ ಬೂಷ್ಟು ಎಳೆ ಎಳೆಯಾಗಿ ಕಾಣಿಸಿತು. ವರ್ಷವೂ ಈ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದನ್ನು ನೋಡಿಕೊಂಡೇ ಬೆಳೆದ ಮಕ್ಕಳು, ಅದನ್ನು ಯಾವುದರ ಮೇಲೆ ಹೊಡೆಯುತ್ತಾರೆ ಅಂತ ಮೊದಲ ಸಲ ಕಣ್ಣಾರೆ ಕಂಡರು. (ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಧ್ಯಯನ ಮಾಡಿದ್ದೂ ಇದೇ ರೋಗವನ್ನು. ಹಾಗಾಗಿ "ಅಡಕೆ ನೋಡೋದೂ ಒಂದು ಪಾಠನಾ?" ಎನ್ನುವವರಿಗೆ ಹೌದು ಅಂತಲೇ ನನ್ನ ಉತ್ತರ.)

ಇನ್ನು ಕಾಡಿಗೆ. ಹೊಸದಾಗಿ ನೋಡುವ ಮಕ್ಕಳು ಕಣ್ಣನ್ನು ಗಾಜಿಗೆ ಒತ್ತಿಯೇ ನೋಡುತ್ತಾರೆ. ರೆಪ್ಪೆ ತಾಗುತ್ತದೆ, ಕಾಡಿಗೆಯ ಜಿಡ್ಡು ಗಾಜಿಗೆ ಹತ್ತುತ್ತದೆ. ಮುಂದಿನ ಮಗುವಿಗೆ ಎಲ್ಲ ಮಂಜು ಮಂಜು. ಆಗ ಆ ಮಗು ಏನು ಮಾಡುತ್ತದೆ ಹೇಳಿ? ಅಂಗಿಯ ತುದಿಯಲ್ಲಿ ತಿಕ್ಕುತ್ತದೆ. ಅಂಗಿಯಲ್ಲಿರುವ ಮಣ್ಣಿನ ಕಣ ಗಾಜಿನ ಮೇಲೆ ಗೀರು ಎಳೆಯುತ್ತದೆ. ಜಿಡ್ಡನ್ನು ಒರೆಸಬಹುದು, ಗೀರನ್ನು ಒರೆಸಲು ಆಗುವುದಿಲ್ಲ. ಅದರ ಮೇಲೆ ನಮ್ಮ ಮಲೆನಾಡಿನ ಮಳೆಗಾಲ. ಲೆನ್ಸಿನ ಮೇಲೆ ಜಿಡ್ಡು ಉಳಿದರೆ ಅಲ್ಲೇ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಡಬ್ಬಿ ಮುಚ್ಚಿದರೂ ಜಿಡ್ಡು ಇದ್ದ ಮೇಲೆ ಕಷ್ಟವೇ. ಎರಡು ಕೈಯಲ್ಲಿ ಎತ್ತುವುದು, ಮುಗಿದ ಮೇಲೆ ಕವರ್ ಹಾಕುವುದು, ಇವನ್ನೆಲ್ಲ ಮಕ್ಕಳು ಆಗಲೇ ಕಲಿತಿದ್ದಾರೆ. ಅದರಲ್ಲಿ ನನಗೆ ದೂರಿಲ್ಲ.

ದೃಷ್ಟಿಯಾಗಬಾರದು ಅಂತ ಕಾಡಿಗೆ ಹಚ್ಚುತ್ತೀರಿ, ಗೊತ್ತು. ನಾನೂ ಹಚ್ಚಿಸಿಕೊಂಡು ಬೆಳೆದವಳೇ. ಕೆನ್ನೆಗೆ ದೃಷ್ಟಿಬೊಟ್ಟು ಇಡಿ, ಕಿವಿಯ ಹಿಂದೆ ಇಡಿ, ಯಾರೂ ಅಳಿಸುವುದಿಲ್ಲ. ಸಂಜೆ ಮನೆಗೆ ಬಂದ ಮೇಲೆ ಕಣ್ಣಿಗೂ ಹಚ್ಚಿ. ಮತ್ತೆ ಹೇಳುತ್ತೇನೆ, ಕಾಡಿಗೆಯ ಮೇಲೆ ನಮಗೇನೂ ಕೋಪವಿಲ್ಲ. ಇದು ಹೆಣ್ಣುಮಕ್ಕಳಿಗೆ ಮಾತ್ರ ಹಾಕಿದ ನಿಯಮವೂ ಅಲ್ಲ. ಹಣೆಗೆ ಎಣ್ಣೆ ಇಳಿಯುವ ಹಾಗೆ ತಲೆ ಬಾಚಿಕೊಂಡು ಬರುವ ಹುಡುಗರನ್ನೂ ಟೀಚರ್ ಮುಖ ತೊಳೆಯಲು ಕಳಿಸಿದ್ದಾರೆ. ಮದ್ರಾಸ್ ಐ ಇರುವ ಮಗುವಿಗಂತೂ ವಾಸಿಯಾಗುವವರೆಗೆ ಮೈಕ್ರೋಸ್ಕೋಪ್ ಇಲ್ಲ. ಒಂದೇ ಗಾಜಿಗೆ ಎಲ್ಲರ ಕಣ್ಣೂ ತಾಗುತ್ತದೆ ಅಲ್ವಾ?

"ಟೀಚರೇ ನೋಡಿ ಮಕ್ಕಳಿಗೆ ಹೇಳಿದರೆ ಸಾಲದೇ?" ಎಂದು ಕೆಲವರು ಕೇಳಿದ್ದೀರಿ. ಸಾಲದು. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಗೀರು ಬೀಳುವುದಿಲ್ಲ, ನಿಜ. ಹಾಗಿಡುವುದಾದರೆ ತರಿಸಿದ್ದಾದರೂ ಯಾಕೆ? ಮಕ್ಕಳೇ ಮುಟ್ಟಬೇಕು, ತಿರುಪನ್ನು ಅವರೇ ತಿರುಗಿಸಬೇಕು. ಏನಾದರೂ ಕೆಟ್ಟರೆ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ದುಡ್ಡು ಕೇಳುತ್ತಾರೆ ಎನ್ನುವ ಮಾತು ಎಲ್ಲಿಂದ ಹುಟ್ಟಿತೋ ನನಗಂತೂ ತಿಳಿಯದು.

ಇನ್ನು ಮುಂದೆ ಯಾರಾದರೂ ಮರೆತು ಹಚ್ಚಿಕೊಂಡು ಬಂದರೆ ತರಗತಿಯಲ್ಲಿ ಎಲ್ಲರ ಮುಂದೆ ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ಹತ್ತಿ, ಕೊಬ್ಬರಿ ಎಣ್ಣೆ, ಸೋಪು ಇಟ್ಟಿದ್ದೇವೆ. ಆಯಾ ಒರೆಸಿ, ಮುಖ ತೊಳೆಸಿ ಕಳಿಸುತ್ತಾರೆ. ಒರೆಸಿಕೊಳ್ಳಲು ಇಷ್ಟವಿಲ್ಲದ ಮಗು ಅವತ್ತು ಪಕ್ಕದಲ್ಲಿ ಕೂತು ಚಿತ್ರ ಬರೆಯಬಹುದು, ನೋಡುವ ಸರದಿ ಸಿಗುವುದಿಲ್ಲ. ಇದರಲ್ಲಿ ಬದಲಾವಣೆ ಇಲ್ಲ.

ಬುಧವಾರ ಬೆಳಿಗ್ಗೆ ಮಕ್ಕಳ ಕಣ್ಣಿಗೆ ಕಾಡಿಗೆ ಹಚ್ಚದೆ ಕಳಿಸಿ, ಅಷ್ಟೇ.

ಕನ್ನಡಕದ ಮಕ್ಕಳು ಕನ್ನಡಕ ಹಾಕಿಕೊಂಡೇ ನೋಡಬಹುದು. ಕೊಳೆ ಅಡಕೆ ಇನ್ನೂ ಕಳಿಸುವವರು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಕಳಿಸಿ. ಕಳೆದ ಸಲ ಬ್ಯಾಗಿನಲ್ಲಿದ್ದ ಪುಸ್ತಕವೆಲ್ಲ ಒದ್ದೆಯಾಗಿತ್ತು.

ಇಂತಿ,
ಮುಖ್ಯಶಿಕ್ಷಕಿ